ಪದ್ಮಕ್ಕನ ವಿಳಾಸದ ಐದು ಅಲ್ಪವಿರಾಮಗಳು

ಐವತ್ತು ದಾಟಿದ ಮೇಲೆ ಮನುಷ್ಯ ಬೆರಗಾಗುವುದನ್ನು ಬಿಟ್ಟುಬಿಡುತ್ತಾನೆ ಎಂದು ನಾನು ನಂಬಿದ್ದೆ. ಮುಂಬಯಿಯಲ್ಲಿ ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ನಿಂತೇ ಓಡಾಡಿದವನಿಗೆ ಇನ್ನೇನು ಬೆರಗು ಉಳಿದೀತು? ಅಂಥ ನನ್ನನ್ನು ಕಳೆದ ತಿಂಗಳು ಬಾಯಿ ತೆರೆದು ಕೂರುವಂತೆ ಮಾಡಿದ್ದು ಒಂದು ಅಲ್ಪವಿರಾಮ. ನಗಬೇಡಿ, ಪೂರ್ತಿ ಕೇಳಿ.

ವಿಕ್ರೋಳಿಯ ನಮ್ಮ ಪುಟ್ಟ ಕನ್ನಡ ಬಳಗಕ್ಕೆ ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ್ದರಿಂದ ಅವಿರೋಧವಾಗಿ ಆಯ್ಕೆಯಾದವನು. ಈ ಸಲದ ವಾರ್ಷಿಕೋತ್ಸವದಲ್ಲಿ ಪದ್ಮಕ್ಕನಿಗೆ ಸನ್ಮಾನವೆಂದು ತೀರ್ಮಾನವಾಗಿತ್ತು. ಗ್ರಾಂಟ್ ರೋಡಿನಲ್ಲಿ, ಸಾಲು ಕೋಣೆಗಳ ಹಳೆಯ ಚಾಳೊಂದರ ತಮ್ಮ ಒಂದೇ ಕೋಣೆಯಲ್ಲಿ ಹೋಟೆಲ್ ಕೆಲಸಗಾರರ ಮಕ್ಕಳನ್ನು ಕೂರಿಸಿಕೊಂಡು ನಲವತ್ತು ವರ್ಷ ಕನ್ನಡ ಅಕ್ಷರ ಕಲಿಸಿದವರು ಅವರು. ಆದರೆ ಪದ್ಮಕ್ಕನದ್ದೊಂದು ಪಟ್ಟು. ಆಮಂತ್ರಣ ಪತ್ರಿಕೆ ಕೈಗೆ ಬಾರದೆ ಯಾವ ಸಮಾರಂಭಕ್ಕೂ ಹೋಗುವವರಲ್ಲ. ಫೋನಿನಲ್ಲಿ ಕರೆದದ್ದು ಅವರ ಪಾಲಿಗೆ ಕರೆಯೇ ಅಲ್ಲ. ನಮ್ಮ ಅಧ್ಯಕ್ಷ ಪಾಟೀಲರು ವಿಜಯಪುರದ ಕಡೆಯವರು. ಮೊದಲೇ ಎಚ್ಚರಿಸಿದ್ದರು: "ನೋಡ್ರಿ, ಅಕ್ಕಾರು ಬರಲಿಲ್ಲಂದ್ರ ಶಾಲು ಯಾರಿಗೆ ಹೊದಸೂದು?"

ನಾನೋ ಆಫೀಸಿನವರು ಕೊಡಿಸಿದ ತರಬೇತಿಯಲ್ಲಿ ಆಗಷ್ಟೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬೀಗುತ್ತಿದ್ದೆ. ಸದಸ್ಯರ ಪಟ್ಟಿ ಸಿಎಸ್‌ವಿ ಫೈಲಿನಲ್ಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು, ಹೆಸರು, ವಿಳಾಸ, ಫೋನ್ ನಂಬರುಗಳ ನಡುವೆ ಅಲ್ಪವಿರಾಮ. ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸು ಎಂದರೆ ಲಕೋಟೆಗೆ ಅಂಟಿಸುವ ಚೀಟಿಗಳು ಸಿದ್ಧ ಎಂದುಕೊಂಡೆ. ಆದರೆ ಮುಂಬಯಿಯವರು ವಿಳಾಸ ಬರೆಯುವುದಿಲ್ಲ, ದಾರಿ ಹೇಳುತ್ತಾರೆ. ಪದ್ಮಕ್ಕನದು ಹೀಗಿತ್ತು: ರೂಮ್ ನಂ. 9, ಎರಡನೇ ಮಾಳಿಗೆ, ಹಳೇ ಚಾಳ್, ಇಸ್ತ್ರಿ ಅಂಗಡಿಯ ಮೇಲೆ, ಉಡುಪಿ ಹೋಟೆಲಿನ ಹಿಂದೆ, ಗ್ರಾಂಟ್ ರೋಡ್ ಪೂರ್ವ. ಕಂಪ್ಯೂಟರ್ ಹೇಳಿದ ಮಾತು ಕೇಳಿ ಐದು ಕಡೆಯೂ ಕತ್ತರಿಸಿತು. ಚೀಟಿಯಲ್ಲಿ ರೂಮ್ ನಂ. 9 ಎಂದಷ್ಟೇ ಬಂತು. ಫೋನ್ ನಂಬರಿನ ಜಾಗದಲ್ಲಿ ಎರಡನೇ ಮಾಳಿಗೆ ಕೂತಿತ್ತು.

ಪ್ರತಿ ವಿಳಾಸದ ಆಚೀಚೆ ಉದ್ಧರಣ ಚಿಹ್ನೆಗಳಿದ್ದವು. ಎಲ್ಲ ಇವುಗಳದ್ದೇ ಕಿತಾಪತಿ ಎಂದುಕೊಂಡೆ. ಅಲ್ಲದೆ, ಒಬ್ಬರ ಮನೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅವರು ಅಲ್ಲಿದ್ದಾರೆಂಬುದರಲ್ಲಿ ನಮಗೇ ಸಂಶಯವಿದ್ದಂತೆ ಕಾಣುವುದಿಲ್ಲವೆ? ಅಷ್ಟನ್ನೂ ಅಳಿಸಿ ಸೇವ್ ಮಾಡಿ, ಶುದ್ಧೀಕರಣ ಮುಗಿಸಿದ ತೃಪ್ತಿಯಲ್ಲಿ ಚಹಾ ಕುಡಿದೆ. ಆಮೇಲೆ ಐದು ಅಲ್ಪವಿರಾಮವಿದ್ದರೆ ಹೀಗೆ, ಆರಿದ್ದರೆ ಹಾಗೆ ಎಂದು ಬರೆಯುತ್ತ ಒಂದು ವಾರ ಕಳೆದೆ. ಭಾನುವಾರ ಸಮಾರಂಭ. ಶುಕ್ರವಾರದವರೆಗೂ ಪದ್ಮಕ್ಕ ರೂಮ್ ನಂ. 9ರಿಂದ ಕದಲಲಿಲ್ಲ.

ಕೊನೆಗೆ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಶ್ರಾವ್ಯಾಳನ್ನು ಕೇಳಿದೆ. ಉಡುಪಿ ಕಡೆಯವರ ಮಗಳು, ಇಲ್ಲೇ ಹುಟ್ಟಿದವಳು. ಅವಳ ಕನ್ನಡ ಅರ್ಧ ದಾರಿ ನಡೆದು ಹಿಂದಿಯ ರಿಕ್ಷಾ ಹತ್ತಿಬಿಡುತ್ತದೆ. ಫೈಲು ನೋಡಿ, "ಅಂಕಲ್, ಕೋಟ್ಸ್ ಎಲ್ಲಿ? ಉಸ್ಕೆ ಅಂದರ್ ಕಾ ಕಾಮಾ ಕಟ್ ಆಗೋದಿಲ್ಲ, ಅದಕ್ಕೇ ಹಾಕೋದು" ಎಂದಳು. ಒಳಗಿನ ಅಲ್ಪವಿರಾಮವನ್ನು ಕತ್ತರಿಸಬೇಡ ಎಂದು ಕಂಪ್ಯೂಟರಿಗೆ ಹೇಳಲೆಂದೇ ಇದ್ದವಂತೆ, ನಾನು ಅಳಿಸಿದ ಆ ಉದ್ಧರಣ ಚಿಹ್ನೆಗಳು. ನನ್ನ ಇ-ಮೇಲಿನಲ್ಲಿ ಉಳಿದಿದ್ದ ಹಳೆಯ ಪ್ರತಿ ಹುಡುಕಿ, ಸಿಎಸ್‌ವಿ ಓದಲೆಂದೇ ಪೈಥಾನಿನಲ್ಲಿ ಇರುವ ಸಿದ್ಧ ಸಾಧನವನ್ನು ಕರೆದಳು. ನಾಲ್ಕೇ ಸಾಲು. ಎಲ್ಲರೂ ತಂತಮ್ಮ ಮನೆ ಸೇರಿದರು. ಪಟ್ಟಿಯನ್ನು ಫೈಲಿಗೆ ತಿರುಗಿ ಬರೆಯುವಾಗ ಆ ಸಾಧನ ಬೇಕಾದ ಕಡೆ ತಾನೇ ಉದ್ಧರಣ ಚಿಹ್ನೆ ಹಾಕಿತು, ಬೇಡದ ಕಡೆ ಹಾಕಲಿಲ್ಲ.

ನನಗೆ ನಿಜವಾಗಿ ಮೈ ಜುಮ್ಮೆಂದಿತು. ಯಾವ ದೇಶದಲ್ಲೋ ಕೂತ ಯಾರೋ ಒಬ್ಬರು, ಮುಂದೊಂದು ದಿನ ಇಸ್ತ್ರಿ ಅಂಗಡಿಯ ಮೇಲೆ, ಹೋಟೆಲಿನ ಹಿಂದೆ ವಾಸಿಸುವ ಒಬ್ಬ ಹೆಂಗಸಿನ ವಿಳಾಸ ಚೂರಾಗಬಾರದೆಂದು ಮೊದಲೇ ಯೋಚಿಸಿಟ್ಟಿದ್ದರು. ಅವರಿಗೆ ಪದ್ಮಕ್ಕನ ಹೆಸರೂ ಗೊತ್ತಿಲ್ಲ. ಹೆಸರು ಗೊತ್ತಿದ್ದ ನಾನು ಮಾಡಿದ್ದು ಆ ರಕ್ಷಣೆಯನ್ನು ಅಳಿಸಿದ ಕೆಲಸ.

ಆದರೆ ಅಂಚೆಗೆ ಹಾಕುವ ಸಮಯ ಮೀರಿತ್ತು. ಉಳಿದವರಿಗೆ ವಾಟ್ಸಾಪ್ ಸಾಕು, ಪದ್ಮಕ್ಕನಿಗೆ ಸಾಲದು. ಶನಿವಾರ ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ಚೀಟಿಯನ್ನು ಕೊನೆಯಿಂದ ಓದುತ್ತ ಹೋಟೆಲಿನ ಹಿಂದೆ ತಿರುಗಿದೆ. ಇಸ್ತ್ರಿ ಅಂಗಡಿ ಸಿಕ್ಕಿತು. ಮೆಟ್ಟಿಲು ಹತ್ತಿದೆ. ಒಂದು ಅಲ್ಪವಿರಾಮವೂ ಸುಳ್ಳಾಗಲಿಲ್ಲ. ಏದುಸಿರು ಬಿಡುತ್ತ ನಿಂತವನನ್ನು ಕಂಡು ಪದ್ಮಕ್ಕ, "ನೀವೇ ಬಂದದ್ದಾ? ಪೋಸ್ಟಿಗೆ ಹಾಕಿದ್ರೆ ಸಾಕಿತ್ತಲ್ಲ ಮಾರಾಯ್ರೆ" ಎಂದರು. ನಾನು ನಾಚಿಕೆಯಿಲ್ಲದೆ, ನಿಮ್ಮಂಥವರನ್ನು ಪೋಸ್ಟಿನಲ್ಲಿ ಕರೆಯುವುದುಂಟೇ ಎಂದುಬಿಟ್ಟೆ.

ಭಾನುವಾರ ಶಾಲು ಹೊದ್ದು ನಿಂತ ಪದ್ಮಕ್ಕ ಮೈಕಿನಲ್ಲಿ, ಇಷ್ಟು ವರ್ಷಗಳಲ್ಲಿ ತನ್ನನ್ನು ಮೆಟ್ಟಿಲು ಹತ್ತಿ ಬಂದು ಕರೆದ ಕಾರ್ಯದರ್ಶಿ ಇವರೊಬ್ಬರೇ ಎಂದರು. ಚಪ್ಪಾಳೆ ಬಿತ್ತು. ನಿಜ ಹೇಳಲು ಅದೊಂದು ಒಳ್ಳೆಯ ಸಂದರ್ಭವಾಗಿತ್ತು. ನಾನು ಎದ್ದು ಸಭೆಗೆ ಕೈಮುಗಿದೆ. ಪಾಟೀಲರು ವೇದಿಕೆಯ ಮುಂದಕ್ಕೆ ಬಂದರು. ಮೈಕು ಇಸಿದುಕೊಂಡು, "ಮುಂದಿನ ವರ್ಷದಿಂದ ಎಲ್ಲಾ ಮೆಂಬರ್ ಮನಿಗೂ ಕಾರ್ಯದರ್ಶಿಗಳು ತಾವ ಹೋಗಿ ಕರೀತಾರ" ಎಂದು ಘೋಷಿಸಿದರು.

ಸದಸ್ಯರು ಇನ್ನೂರಕ್ಕೂ ಹೆಚ್ಚು. ಈಗ ನನ್ನ ಪ್ರೋಗ್ರಾಂ ಅಷ್ಟೂ ವಿಳಾಸಗಳನ್ನು ಕಣ್ಣು ಮಿಟುಕಿಸುವುದರೊಳಗೆ ಒಂದು ಅಲ್ಪವಿರಾಮವೂ ತಪ್ಪದಂತೆ ಮುದ್ರಿಸಿಕೊಡುತ್ತದೆ. ಅವರಲ್ಲಿ ಎಷ್ಟು ಜನ ಮೇಲಿನ ಮಾಳಿಗೆಗಳಲ್ಲಿದ್ದಾರೆಂದು ಅದನ್ನು ಕೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.