ಮೂರನೇ ದೀಪದ ವೀಕ್ಷಕರು

ಇಂಟರ್ನೆಟ್ ಸಂಪರ್ಕ ಕಡಿತಗೊಂಡಿದೆ ಎನ್ನಲು ಅದು ಕಡಿತಗೊಂಡಿದ್ದರೆ ಸಾಲದು. ಕಡಿತಗೊಂಡಾಗ ಸಂಪರ್ಕ ಸಂಸ್ಥೆಯ ಅಧಿಕೃತ ವ್ಯಕ್ತಿಯೊಬ್ಬರು ಅದನ್ನು ಕಣ್ಣಾರೆ ಕಂಡಿರಬೇಕು. ಹಾಗೆ ಯಾರೂ ಕಾಣದ ಕಡಿತವನ್ನು ಸಂಸ್ಥೆಯ ಸೇವಾ ನಿಯಮಾವಳಿಯು ‘ಗ್ರಾಹಕರ ಅನಿಸಿಕೆ’ ಎಂದು ಕರೆಯುತ್ತದೆ. ಅನಿಸಿಕೆಗಳನ್ನು ಸಂಸ್ಥೆ ಗೌರವಿಸುತ್ತದೆ, ದುರಸ್ತಿ ಮಾಡುವುದಿಲ್ಲ.

ಮೂರನೇ ಮಹಡಿಯ ನಡಾವಳಿ ಮೇಡಂ ಅವರಿಗೆ ಇಂಥ ಅನಿಸಿಕೆಗಳು ದಿನಕ್ಕೆ ಹತ್ತು ಹನ್ನೆರಡು ಸಲ ಆಗುತ್ತಿದ್ದವು. ಅವರು ತೂಕ ಮತ್ತು ಅಳತೆ ಮಂಡಳಿಯಲ್ಲಿ ಸಭೆಗಳ ನಡಾವಳಿ ಬರೆಯುವ ನೌಕರರು. ಮಂಡಳಿಯ ಹೊಸ ಕಚೇರಿಯ ಅಳತೆಯಲ್ಲಿ ಸಣ್ಣ ತಪ್ಪಾಗಿ ಇವರ ಮೇಜು ಒಳಗೆ ಹಿಡಿಸದೆ ಹೋದದ್ದರಿಂದ, ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಸಭೆ ಕೇಳಿಸಿಕೊಂಡು ಬರೆಯಬೇಕೆಂದು ಆದೇಶವಾಗಿತ್ತು. ಮನೆಯಲ್ಲಿ ಅವರು ಮತ್ತು ಅವರ ಅತ್ತೆ. ಗಂಡ ರೈಲಿನ ಗಾರ್ಡ್. ವಾರಕ್ಕೆರಡು ದಿನ ಮನೆಗೆ ಬಂದು, ಆ ಎರಡೂ ದಿನ ನಿದ್ದೆ ಮಾಡಿ ಹೋಗುತ್ತಿದ್ದರು. ಹೀಗೊಮ್ಮೆ ಎಚ್ಚರವಾಗಿದ್ದಾಗ ಒಂದು ಫೈರ್‌ವಾಲ್ ರೌಟರ್ ತಂದು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದರು.

“ಇದು ಬರೀ ರೌಟರ್ ಅಲ್ಲಮ್ಮ, ಫೈರ್‌ವಾಲ್ ಇರೋದು. ಹೊರಗಿನ ಕಳ್ಳರು ಯಾರೂ ಒಳಗೆ ಬರೋಕಾಗಲ್ಲ” ಎಂದು ತಾಯಿಗೆ ವಿವರಿಸಿದ್ದರು.

“ಕಳ್ಳರು ಬರಲ್ಲ ಸರಿ, ಇಂಟರ್ನೆಟ್ಟೂ ಬರ್ತಾ ಇಲ್ವಲ್ಲೋ” ಎಂದಿದ್ದರು ಅತ್ತೆ.

ಬರುತ್ತಿತ್ತು, ಹೋಗುತ್ತಿತ್ತು. ಹೋದಾಗ ಒಂದೆರಡು ನಿಮಿಷದಲ್ಲಿ ತಾನಾಗಿಯೇ ಮರಳುತ್ತಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಇದರಿಂದ ಅಂಥ ಕೇಡೇನೂ ಇರಲಿಲ್ಲ. ಆದರೆ ನಮ್ಮ ಭಾಷೆಯಲ್ಲಿ ಹೌದು ಎಂಬುದೂ ಇಲ್ಲ ಎಂಬುದೂ ವಾಕ್ಯದ ಬಾಲದಲ್ಲಿರುತ್ತವೆ, ಮಂಡಳಿಯ ಅಧ್ಯಕ್ಷರು ಬಾಲಕ್ಕೆ ಬರುವ ಮುನ್ನ ಒಮ್ಮೆ ಕೆಮ್ಮುತ್ತಿದ್ದರು, ಲೈನು ಅಷ್ಟರಲ್ಲಿ ಹೋಗಿಬಿಡುತ್ತಿತ್ತು. “ನಮ್ಮ ಲಿಫ್ಟಿಗೆ ಇನ್ನೊಂದು ಬಾಗಿಲು ಬೇಕಾಗಿ...” ಎಂಬಲ್ಲಿಗೆ ಸಂಪರ್ಕ ಕಡಿದಾಗ ಮೇಡಂ ತಮ್ಮ ಅನುಭವದ ಮೇಲೆ “ಬೇಕಾಗಿದೆ” ಎಂದು ಬರೆದುಕೊಂಡರು. ಅಧ್ಯಕ್ಷರು ಅಂದದ್ದು “ಬೇಕಾಗಿಲ್ಲ”. ನಡಾವಳಿ ಅಂಗೀಕಾರವಾಗಿ, ಲಿಫ್ಟಿಗೆ ಎರಡನೇ ಬಾಗಿಲು ಬಂತು. ಅದು ತೆರೆದಾಗಲೆಲ್ಲ ಗೋಡೆ ಕಾಣಿಸುತ್ತದೆ. ಸಿಬ್ಬಂದಿ ಈಗ ಗೋಡೆಯತ್ತ ಮುಖ ಮಾಡಿ ನಿಲ್ಲುವುದಕ್ಕೆ ಒಗ್ಗಿಕೊಂಡಿದ್ದಾರೆ.

ಮುಂದಿನ ತಿಂಗಳು ಅಧ್ಯಕ್ಷರು “ಉಪಾಧ್ಯಕ್ಷರು ತೀರಿಕೊಂಡಿಲ್ಲ, ರಜೆಯಲ್ಲಿದ್ದಾರೆ” ಎಂದು ಸ್ಪಷ್ಟನೆ ಕೊಡುವಾಗ ‘ತೀರಿಕೊಂಡಿ’ವರೆಗೆ ಮಾತ್ರ ಕೇಳಿಸಿತು. ಉಳಿದದ್ದನ್ನು ಮೇಡಂ ಗೌರವಪೂರ್ವಕವಾಗಿ ಪೂರ್ತಿ ಮಾಡಿದರು. ರಜೆ ಮುಗಿಸಿ ಬಂದ ಉಪಾಧ್ಯಕ್ಷರು ತಮ್ಮ ಶೋಕಸಭೆಯಲ್ಲಿ ಎಲ್ಲರ ಜೊತೆ ಎರಡು ನಿಮಿಷ ಎದ್ದು ನಿಂತರು; ಅಂಗೀಕಾರವಾದ ನಡಾವಳಿಯನ್ನು ತಿದ್ದಲು ಅವಕಾಶವಿಲ್ಲ. ಈಗಲೂ ಅವರು ಕಡತಗಳಿಗೆ ಸಹಿ ಹಾಕುತ್ತಾರೆ, ಹೆಸರಿನ ಹಿಂದೆ ‘ದಿ.’ ಸೇರಿಸಿಕೊಂಡು.

ಇಷ್ಟಾದ ಮೇಲೆ ಮೇಡಂ ಅವರಿಗೆ ನೋಟಿಸು ಬಂತು. ಇನ್ನೊಂದು ಬಾಲ ತಪ್ಪಿದರೆ ಕೆಲಸ ಹೋಗುತ್ತದೆ ಎಂಬುದು ಅದರ ಸಾರ. ಹದಿನೆಂಟು ವರ್ಷದ ಸೇವೆ. ಅವತ್ತು ಅವರಿಗೆ ಊಟ ಸೇರಲಿಲ್ಲ.

ಅಳುತ್ತಾ ಕೂರುವ ಜಾತಿಯವರಲ್ಲ ಅವರು. ಒಂದು ನೋಟ್‌ಬುಕ್ ತೆಗೆದು, ಪ್ರತಿ ಕಡಿತದ ಗಂಟೆ ನಿಮಿಷ ಗುರುತು ಹಾಕತೊಡಗಿದರು. ವೈಫೈ ಬಿಟ್ಟು ನೇರ ತಂತಿ ಹಾಕಿ ನೋಡಿದರು, ಹೋಯಿತು. ತಂತಿ ಬದಲಿಸಿದರು, ಆದರೂ ಹೋಯಿತು. ಒಂದಿಡೀ ದಿನ ಫೈರ್‌ವಾಲನ್ನೇ ಆಫ್ ಮಾಡಿಟ್ಟರು. ಕಳ್ಳರೂ ಬರಲಿಲ್ಲ, ಇಂಟರ್ನೆಟ್ ಹೋಗುವುದೂ ತಪ್ಪಲಿಲ್ಲ. ಕೊನೆಗೆ ರೌಟರಿನ ಒಳಗೇ ಬರೆದಿಡುವ ಲಾಗ್ ಎಂಬ ದಿನಚರಿಯನ್ನು ತೆರೆದರು. ‘ಸಾಧನ ಆರಂಭವಾಯಿತು’, ‘ಸಾಧನ ಆರಂಭವಾಯಿತು’ ಎಂದು ಪುಟಗಟ್ಟಲೆ ಒಂದೇ ಸಾಲು. ಅಂದರೆ ಲೈನು ಬೀಳುತ್ತಲೇ ಇರಲಿಲ್ಲ. ಪೆಟ್ಟಿಗೆಯೇ ಮೂರ್ಛೆ ಹೋಗಿ ಬಿದ್ದು, ಮತ್ತೆ ಎದ್ದು ಕೂರುತ್ತಿತ್ತು.

ಇಷ್ಟನ್ನು ಹಿಡಿದುಕೊಂಡು ಮೇಡಂ ಸಂಪರ್ಕ ಸಂಸ್ಥೆಯ ದೂರು ಅಧಿಕಾರಿಗೆ ಫೋನ್ ಮಾಡಿದರು.

“ಲಾಗ್ ಬರೆದಿದ್ದು ಯಾರು ಮೇಡಂ?” ಎಂದು ಅಧಿಕಾರಿ ಕೇಳಿದರು.

“ರೌಟರೇ ಬರ್ಕೊಂಡಿದೆ ಸಾರ್.”

“ತನ್ನ ವಿಷಯ ತಾನೇ ಬರ್ಕೊಂಡ್ರೆ ಅದು ಆತ್ಮಕಥೆ ಆಗುತ್ತೆ, ಸಾಕ್ಷಿ ಆಗಲ್ಲ. ಈಗ ಲೈನ್ ಇದೆಯಾ?”

“ಈಗ ಇದೆ.”

“ಇದ್ದಾಗ ದೂರು ತಗೊಳ್ಳೋ ಹಾಗಿಲ್ಲ. ಇಲ್ಲದಾಗ ನಮ್ಮ ವೆಬ್‌ಸೈಟಲ್ಲಿ ದೂರು ಹಾಕಿ.”

“ಇಲ್ಲದಾಗ ವೆಬ್‌ಸೈಟ್ ಹೇಗೆ ಸಾರ್ ತೆರೆಯುತ್ತೆ?”

“ಇದನ್ನ ಬೇರೆ ಗ್ರಾಹಕರೂ ಕೇಳಿದಾರೆ” ಎಂದರು ಅಧಿಕಾರಿ, ಹೆಮ್ಮೆಯಿಂದ.

ಮೇಡಂ ಪಕ್ಕದ ಮನೆಯ ಲೈನಿನಿಂದ ದೂರು ಹಾಕಿದರು. ಸಾಧನದ ಹೆಸರಿನಲ್ಲಿ ಬೆಂಕಿ, ನೀರು ಅಥವಾ ಸ್ಫೋಟಕ್ಕೆ ಸಂಬಂಧಿಸಿದ ಪದವಿದ್ದರೆ ಆಯಾ ಇಲಾಖೆಯ ನಿರಾಕ್ಷೇಪಣಾ ಪತ್ರ ಲಗತ್ತಿಸತಕ್ಕದ್ದು ಎಂದು ದೂರಿನ ಅರ್ಜಿಯಲ್ಲಿತ್ತು. ಫೈರ್ ಎಂದಮೇಲೆ ಅಗ್ನಿಶಾಮಕದವರು ಬರಲೇಬೇಕಾಯಿತು. ಹೆಲ್ಮೆಟ್ ಹಾಕಿದ ಅಧಿಕಾರಿಯೊಬ್ಬರು ಬಂದು, ಅಂಗೈ ಅಗಲದ ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ನೋಡಿ, “ವಾಲ್ ಎಲ್ಲಮ್ಮ?” ಎಂದು ಕೇಳಿದರು. ಅತ್ತೆ ಅದರ ಹಿಂದಿನ ಗೋಡೆ ತೋರಿಸಿದರು. ಗೋಡೆ ಗಟ್ಟಿಯಾಗಿದೆ ಎಂದು ಬರೆದುಕೊಟ್ಟು, ಒಂದು ಬಕೆಟ್ ಮರಳು ಇಟ್ಟುಹೋದರು.

ಎಂಟನೇ ದಿನ ಸರಿಯಾಗಿ ಹತ್ತು ಗಂಟೆಗೆ ಕಡಿತ ವೀಕ್ಷಕರು ಬಂದರು.

ಐವತ್ತರ ಆಸುಪಾಸಿನ, ಒಣಗಿದ ಮುಖದ, ಮೆಲುಮಾತಿನ ಮನುಷ್ಯ. ಕೈಯಲ್ಲಿ ದಾಖಲೆ ಪುಸ್ತಕ, ಕೊರಳಲ್ಲಿ ಸ್ಟಾಪ್‌ವಾಚು, ಬಟ್ಟೆಯಲ್ಲಿ ಸುತ್ತಿದ ಒಂದು ರಬ್ಬರ್ ಸೀಲು. ರೌಟರಿನ ಮೂರನೇ ದೀಪ ಇಂಟರ್ನೆಟ್ಟಿನದು. ಅದು ಆರುವುದನ್ನು ಕಂಡು, ‘ಕಡಿತ ಸಂಭವಿಸಿದೆ’ ಎಂದು ಸೀಲು ಒತ್ತುವುದು ಅವರ ಕೆಲಸ. ಹತ್ತರಿಂದ ಐದರವರೆಗೆ ಕೂರಬೇಕು. ಒಂಬತ್ತು ವರ್ಷದ ಸೇವೆಯಲ್ಲಿ ಅವರು ಆ ಸೀಲನ್ನು ಒಮ್ಮೆಯೂ ಒತ್ತಿರಲಿಲ್ಲ.

“ಒಂದ್ಸಲ ಒತ್ತಿದ್ರೆ ಬಡ್ತಿ ಸಿಗುತ್ತೆ ಮೇಡಂ” ಎಂದರು, ಯಾರದೋ ಮದುವೆಯ ವಿಷಯ ಹೇಳುವವರ ಹಾಗೆ.

“ಇವತ್ತೇ ಒತ್ತುತ್ತೀರ, ನೋಡ್ತಾ ಇರಿ. ನಮ್ಮನೇಲಿ ಗಂಟೆಗೊಂದು ಸಲ ಹೋಗುತ್ತೆ” ಎಂದು ಮೇಡಂ ಧೈರ್ಯ ತುಂಬಿದರು.

ವೀಕ್ಷಕರು ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡರು. ಕತ್ತು ಓರೆ ಮಾಡಿ ಮೂರನೇ ದೀಪ ದಿಟ್ಟಿಸತೊಡಗಿದರು. ಅವತ್ತು ಲೈನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅವರು ಐದಕ್ಕೆ ಎದ್ದು ಕೆಳಗಿಳಿದು ಬೀದಿ ತಿರುಗುವಷ್ಟರಲ್ಲಿ ಮೂರನೇ ದೀಪ ಆರುತ್ತಿತ್ತು.

ಮೊದಲ ವಾರ ಮೇಡಂ ಅವರಿಗೆ ನಾಚಿಕೆಯಾಯಿತು. ಎರಡನೇ ವಾರ ಒಂದು ವಿಷಯ ಹೊಳೆಯಿತು: ಮಂಡಳಿಯ ಸಭೆಗಳೂ ಹತ್ತರಿಂದ ಐದರ ನಡುವೆಯೇ ನಡೆಯುವುದು. ಅಧ್ಯಕ್ಷರ ಒಂದೊಂದು ವಾಕ್ಯವೂ ಈಗ ಕೆಮ್ಮಿನ ಸಮೇತ, ಬಾಲದ ಸಮೇತ ಬಂದು ಸೇರುತ್ತಿತ್ತು. ಮೇಡಂ ನೆಮ್ಮದಿಯಾಗಿ ಬರೆಯುತ್ತಿದ್ದರು. ಇತ್ತ ವೀಕ್ಷಕರು ಕರಗಿಹೋಗುತ್ತಿದ್ದರು.

“ಪಾಪ ಕಣೇ, ಒಂದ್ಸಲ ಆರಿಸಿಬಿಡೇ ಅದನ್ನ” ಎಂದು ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ವೀಕ್ಷಕರ ಕಿವಿ ಚುರುಕು. “ಬೇಡಮ್ಮ, ಅದು ಉದ್ದೇಶಪೂರ್ವಕ ಕಡಿತ ಆಗುತ್ತೆ. ಅದಕ್ಕೆ ಬೇರೆ ಸೀಲು, ಬೇರೆ ವಿಭಾಗ” ಎಂದು ಹಜಾರದಿಂದಲೇ ಹೇಳಿದರು.

ಅಷ್ಟು ದಿನ ಕೂತಲ್ಲೇ ಚಮಚದಲ್ಲಿ ಉಂಡಿದ್ದ ವೀಕ್ಷಕರು ಹದಿನೇಳನೇ ದಿನ ಊಟಕ್ಕೆ ಮುಂಚೆ ಕೈ ತೊಳೆಯಲು ಎದ್ದರು. ಕುರ್ಚಿ ಒಂದು ಗೇಣು ಮುಂದೆ ಸರಿಯಿತು. ಮೂರನೇ ದೀಪ ಆರಿತು. ಮೂರನೆಯದೇನು, ಎಲ್ಲ ದೀಪಗಳೂ ಆರಿದವು.

“ಹೋಯ್ತು! ಹೋಯ್ತು! ಬೇಗ ಬನ್ನಿ!” ಎಂದು ಮೇಡಂ ಕೂಗಿದರು.

ವೀಕ್ಷಕರು ಒದ್ದೆ ಕೈಯಲ್ಲೇ ಓಡಿಬಂದರು. ಆದರೆ ಆಸೀನರಾಗಿ ಕಂಡದ್ದಷ್ಟೇ ವೀಕ್ಷಣೆ ಎಂದು ನಿಯಮ. ಧೊಪ್ಪನೆ ಕೂತು, ಕುರ್ಚಿ ಹಿಂದಕ್ಕೆ ಒತ್ತಿಕೊಂಡು, ಸೀಲಿನ ಬಟ್ಟೆ ಬಿಚ್ಚುವಷ್ಟರಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು.

“ಎಲ್ಲಿ ಮೇಡಂ?” ಎಂದರು, ಏದುಸಿರು ಬಿಡುತ್ತಾ.

ಮೇಡಂ ನೆಲಕ್ಕೆ ಮೊಣಕಾಲೂರಿ ಕುರ್ಚಿಯ ಹಿಂದೆ ಇಣುಕಿದರು. ರೌಟರಿಗೆ ಕರೆಂಟು ಕೊಡುವ ಅಡಾಪ್ಟರು ಸಡಿಲ ಸಾಕೆಟ್ಟಿನಲ್ಲಿ ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು. ಪಕ್ಕದಲ್ಲಿ ಯಾರಾದರೂ ನಡೆದಾಡಿದರೂ ಸಾಕು, ಅಲುಗಾಡಿ ಕರೆಂಟು ತಪ್ಪಿ ಮತ್ತೆ ಸೇರುವ ಹಾಗಿತ್ತು. ವೀಕ್ಷಕರ ಕುರ್ಚಿಯ ಬೆನ್ನು ಅದನ್ನು ಹದಿನೇಳು ದಿನದಿಂದ ಒತ್ತಿಹಿಡಿದಿತ್ತು. ಮೇಡಂ ಅವರಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಎಲೆಕ್ಟ್ರಿಷಿಯನ್ ಬಂದು ಹತ್ತು ನಿಮಿಷದಲ್ಲಿ ಸಾಕೆಟ್ ಬದಲಿಸಿದ. “ಇಷ್ಟೇನಾ ಅಕ್ಕ?” ಎಂದು ಬೇಜಾರಿನಿಂದ ಕೇಳಿ ಹೋದ. ಅವತ್ತಿನಿಂದ ಹಗಲೂ ಇಲ್ಲ, ಸಂಜೆಯೂ ಇಲ್ಲ, ಲೈನು ಹೋದದ್ದೇ ಇಲ್ಲ.

ಕಾರಣ ಸಿಕ್ಕಿತು, ದುರಸ್ತಿ ಆಯಿತು, ದೂರು ಮುಗಿಸಿಬಿಡಿ ಎಂದು ಮೇಡಂ ಫೋನ್ ಮಾಡಿದರು.

“ಹಾಗೆ ಮುಗಿಸೋಕಾಗಲ್ಲ ಮೇಡಂ” ಎಂದರು ದೂರು ಅಧಿಕಾರಿ. “ಕಡಿತ ನೋಡದೇ ದೂರು ಮುಗಿಸಿದ್ರೆ ಸುಳ್ಳು ದೂರು ಅಂತಾಗುತ್ತೆ. ಸುಳ್ಳು ದೂರಿಗೆ ಶಿಕ್ಷೆ ಅಂದ್ರೆ ಲೈನ್ ಕಟ್ ಮಾಡೋದು.”

“ಲೈನ್ ಕಟ್ ಮಾಡಿದ್ರೆ ಅದನ್ನೇ ಅವರು ನೋಡಬಹುದಲ್ಲ ಸಾರ್!”

“ದೂರು ಮುಗಿದ ಮೇಲೆ ಅವರು ಅಲ್ಲಿರಲ್ಲ ಮೇಡಂ.”

“ಸಾಕೆಟ್ಟು ಸಾರ್ ಕಾರಣ. ಬದಲಿಸಿದೀವಿ.”

“ಅದು ನಿಮ್ಮ ಅನಿಸಿಕೆ” ಎಂದರು ಅಧಿಕಾರಿ, ತುಂಬ ಗೌರವದಿಂದ.

ವೀಕ್ಷಕರು ಬರುತ್ತಲೇ ಇದ್ದರು. ತಿಂಗಳೆರಡು ಕಳೆದವು. ಅತ್ತೆಗೆ ಅವರು ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದರು, ಕಣ್ಣು ಮಾತ್ರ ಮೂರನೇ ದೀಪದ ಮೇಲೆ. ಹೀಗಾಗಿ ಒಂದು ದಾರಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ಮಾತು ತಾನಾಗಿ ಬೆಳೆಯುತ್ತಿತ್ತು. ಹಾಗೆ ಮಾತಾಡುವಾಗಲೇ ಒಂದು ದಿನ ಅವರು ಬಾಯಿಬಿಟ್ಟರು:

“ನಮ್ಮನೇಲೂ ಕಟ್ ಆಗುತ್ತೆ ಮೇಡಂ. ನಾಲ್ಕು ವರ್ಷ ಆಯ್ತು. ಅಮ್ಮ ಒಬ್ರೇ ಇರ್ತಾರೆ ಹಗಲೆಲ್ಲ. ಫೋನಲ್ಲಿ ತಂಗಿ ಮುಖ ನೋಡ್ತಾ ಇದ್ದ ಹಾಗೇ ನಿಂತುಹೋಗುತ್ತೆ.”

“ದೂರು ಕೊಡ್ಲಿಲ್ವಾ?”

“ಅಮ್ಮನ ಹೆಸರಲ್ಲಿ ಕೊಟ್ಟೆ. ವೀಕ್ಷಕರು ಖಾಲಿ ಇಲ್ಲ ಅಂದ್ರು.” ದಾರದ ತುದಿ ಹೊಸೆಯುತ್ತಾ ಅಂದರು, “ನಮ್ಮ ವಲಯಕ್ಕೆ ಇರೋ ವೀಕ್ಷಕ ನಾನೊಬ್ಬನೇ.”

“ಪ್ಲಗ್ ನೋಡಿದ್ರಾ? ಸಡಿಲ ಇರಬಹುದು.”

“ಅಯ್ಯೋ, ನಾನು ಮುಟ್ಟೋ ಹಾಗಿಲ್ಲ ಮೇಡಂ. ಇಲಾಖೆ ಮನುಷ್ಯ ನಾನು.”

ಅದೇ ತಿಂಗಳು ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಯಾರೋ ಅಂಕಿಅಂಶ ತೆಗೆದು ನೋಡಲಾಗಿ, ವೀಕ್ಷಕರು ಕೂತ ಯಾವ ಮನೆಯಲ್ಲೂ ಒಂಬತ್ತು ವರ್ಷದಿಂದ ಒಂದು ಕಡಿತವೂ ಸಂಭವಿಸಿಲ್ಲವೆಂಬುದು ಬೆಳಕಿಗೆ ಬಂತು. ಕೂಡಲೇ ಪ್ರಕಟಣೆ ಹೊರಟಿತು:

‘ಸಂಪರ್ಕ ಕಡಿತವನ್ನು ಬೇರುಸಮೇತ ನಿವಾರಿಸುವ ವಿಧಾನವನ್ನು ಸಂಸ್ಥೆಯು ಕಂಡುಹಿಡಿದಿರುವುದನ್ನು ತಿಳಿಸಲು ಹರ್ಷಿಸುತ್ತೇವೆ. ಸ್ಥಿರಾಸನ ಯೋಜನೆಯಡಿ ಇನ್ನು ಮುಂದೆ ಪ್ರತಿ ಮನೆಗೂ ಒಬ್ಬ ಖಾಯಂ ವೀಕ್ಷಕರನ್ನು ಒದಗಿಸಲಾಗುವುದು. ಕುರ್ಚಿ ಗ್ರಾಹಕರದು. ಈಗಾಗಲೇ ಆಸೀನರಾಗಿರುವ ವೀಕ್ಷಕರನ್ನು ಯಾವುದೇ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ. ತಂತಿ, ಕಂಬ ಹಾಗೂ ಯಂತ್ರಗಳ ದುರಸ್ತಿ ವಿಭಾಗವನ್ನು ಅನಗತ್ಯವೆಂದು ಮುಚ್ಚಲಾಗಿದೆ.’

ಊರಿಗೆಲ್ಲ ವೀಕ್ಷಕರು ಬೇಕೆಂದರೆ ಜನ ಎಲ್ಲಿಂದ ಬರಬೇಕು? ದೂರು ಕೊಟ್ಟು ಅರವತ್ತು ದಿನ ಮೀರಿದವರಿಗೆ ಕಡಿತದ ವಿಷಯದಲ್ಲಿ ಸಾಕಷ್ಟು ಅನುಭವವಿರುತ್ತದೆಯಾದ್ದರಿಂದ ಅವರನ್ನೇ ನೇಮಿಸುವುದೆಂದು ತೀರ್ಮಾನವಾಯಿತು. ಮೇಡಂ ಅವರಿಗೂ ನೇಮಕಾತಿ ಪತ್ರ ಬಂತು. ಅವರು ಹರಿದು ಬಿಸಾಡುವವರಿದ್ದರು. ಆದರೆ ಕೆಳಗೊಂದು ಟಿಪ್ಪಣಿ ಇತ್ತು: ಸಂಸ್ಥೆಯಲ್ಲಿ ನೌಕರಿಗಿರುವವರ ದೂರನ್ನು ಸಂಸ್ಥೆ ಇಟ್ಟುಕೊಳ್ಳುವಂತಿಲ್ಲ, ಸೇರಿದ ಕ್ಷಣವೇ ದೂರು ಮುಕ್ತಾಯ, ಶಿಕ್ಷೆಯಿಲ್ಲ.

“ಮಂಡಳಿ ಕೆಲಸ ಏನ್ಮಾಡ್ಲಿ ಅತ್ತೆ?” ಎಂದು ಕೇಳಿದರು.

“ಅಲ್ಲೂ ಕೂತ್ಕೊಂಡು ಬರೆಯೋದೇ ತಾನೆ? ಅವರ ಮನೆ ಲೈನಲ್ಲಿ ಬರಿ. ನೀನು ನೋಡ್ತಾ ಇದ್ರೆ ಅದು ಹೇಗೂ ಹೋಗಲ್ವಂತಲ್ಲ” ಎಂದರು ಅತ್ತೆ.

ಮೇಡಂ ಅವರನ್ನು ಹಾಕಿದ್ದು ವೀಕ್ಷಕರ ಮನೆಗೆ. ಅಲ್ಲಿ ಅವರ ಅಮ್ಮ ಮಾತಿಗೆ ಜನ ಸಿಕ್ಕ ಸಂಭ್ರಮದಲ್ಲಿ ಅವರಿಗೆ ಕಿಟಕಿ ಪಕ್ಕದ ಒಳ್ಳೆಯ ಜಾಗ ಬಿಟ್ಟುಕೊಟ್ಟರು. ಒಂದು ಕಣ್ಣು ದೀಪದ ಮೇಲೆ, ಇನ್ನೊಂದು ಮಂಡಳಿಯ ಮೇಲೆ ಇಟ್ಟುಕೊಂಡು ಮೇಡಂ ಬರೆಯುತ್ತಾರೆ. ಅವರ ನಡಾವಳಿಗಳಲ್ಲಿ ಈಚೆಗೆ ಒಂದು ತಪ್ಪೂ ಇಲ್ಲ. ಅಧ್ಯಕ್ಷರು ಇದನ್ನು ಮೆಚ್ಚಿ ಕೆಮ್ಮಿದ್ದಾರೆ.

ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ, ವೀಕ್ಷಕರು ಇಬ್ಬರೂ ತಮ್ಮ ತಮ್ಮ ಮನೆಯಿಂದ ಊಟದ ಡಬ್ಬಿ ಹಿಡಿದು ಹೊರಟು, ಅರ್ಧ ದಾರಿಯಲ್ಲಿ, ಔಷಧಿ ಅಂಗಡಿಯ ಮುಂದೆ ಎದುರುಬದುರಾಗುತ್ತಾರೆ.

“ನಮ್ಮತ್ತೆ ಹೇಗಿದಾರೆ?” ಎಂದು ಮೇಡಂ ಕೇಳುತ್ತಾರೆ.

“ಚೆನ್ನಾಗಿದಾರೆ ಮೇಡಂ. ಕನ್ನಡಕ ಬದಲಿಸಬೇಕು ಅಂತಿದ್ರು, ನಿಮಗೆ ಹೇಳೋಕೆ ಸಂಕೋಚವಂತೆ. ನಮ್ಮಮ್ಮ?”

“ಮೊಣಕಾಲು ನೋವು ಈಗ ಪರವಾಗಿಲ್ಲ. ನಿನ್ನೆ ನಿಮ್ಮ ತಂಗಿ ಮುಖ ಒಂದು ಗಂಟೆ ನೋಡಿದ್ರು, ಒಂದ್ಸಲಾನೂ ನಿಲ್ಲಲಿಲ್ಲ.”

ವೀಕ್ಷಕರ ಕಣ್ಣು ಒದ್ದೆಯಾಗುತ್ತದೆ. “ನನ್ನ ವಿಷಯ ಏನಾದ್ರೂ ಕೇಳಿದ್ರಾ?”

“ಕೇಳಿದ್ರು. ಚೆನ್ನಾಗಿದಾರೆ, ನಮ್ಮನೇಲಿದಾರೆ ಅಂದೆ.”

ಗಡಿಯಾರ ನೋಡಿಕೊಂಡು, ತಡವಾಯಿತೆಂದು ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕುತ್ತಾರೆ, ಅವರು ಇವರ ಮನೆಯ ಕಡೆಗೆ, ಇವರು ಅವರ ಮನೆಯ ಕಡೆಗೆ.