ಬೀಗರನ್ನು ಉಪವಾಸ ಕಳಿಸಿದ ಆಟ

ನಾನು ಶಾಲೆ ಬಿಟ್ಟದ್ದು 2001ರಲ್ಲಿ, ಏಳನೇ ತರಗತಿಯ ನಡುವೆ. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ನಮ್ಮ ಓಣಿಯ ದೇವಕ್ಕ ಹೇಳುತ್ತಾಳೆ. ಅದು ಶುದ್ಧ ಸುಳ್ಳು. ಅಪ್ಪನ ಸೊಂಟ ಹಿಡಿಯಿತು, ಹಿಟ್ಟಿನ ಗಿರಣಿಗೆ ಆಳು ಬೇಕಾಯಿತು, ನಾನು ಹೋದೆ. ಅಂದಿನಿಂದ ಶಹಾಪುರದ ಅರ್ಧ ಊರಿನ ಜೋಳ ನನ್ನ ಕೈಯಲ್ಲೇ ಹಿಟ್ಟಾಗುತ್ತಿದೆ. ಇಂಥವನಿಗೆ ಇಬ್ಬರು ಸಣ್ಣ ಮಕ್ಕಳಿಗೆ ನಡತೆ ಕಲಿಸುವುದು ಯಾವ ದೊಡ್ಡ ಮಾತು? ಮಕ್ಕಳೇನು ಜೋಳಕ್ಕಿಂತ ಗಟ್ಟಿಯೇ?

ಗಟ್ಟಿ. ಆದರೆ ಅದು ಆಮೇಲೆ ತಿಳಿಯಿತು.

ಮಗ ಬಸುಗೆ ಏಳು ವರ್ಷ, ಮಗಳು ಗೌರಿಗೆ ಐದು. ಹೇಳಿದ ಮಾತು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ ಬಂದರೆ ಅದಕ್ಕೂ ಒಂದು ಸಮಾಧಾನ. ನಮ್ಮ ಮಕ್ಕಳ ಕಿವಿಯೊಳಗೆ ಅದು ಹೋಗುವುದೇ ಇಲ್ಲ, ಬಾಗಿಲಿಂದಲೇ ವಾಪಸು. ನನ್ನ ಹೆಂಡತಿ ಶರಣಮ್ಮ "ನೀರು ತಾರೋ" ಎಂದು ಕೂಗಿದರೆ ಬಸು ಪ್ರತಿ ಸಲವೂ "ಆಂ?" ಎನ್ನುತ್ತಾನೆ. ಕೊನೆಗೆ ಅವಳೇ ಎದ್ದು ತರುತ್ತಾಳೆ.

ಇದೆಲ್ಲ ಮನೆಯೊಳಗೆ ನಡೆಯುತ್ತಿತ್ತು. ಆದರೆ ನನ್ನ ತಂಗಿ ನೀಲಾಳನ್ನು ನೋಡಲು ಯಾದಗಿರಿಯಿಂದ ಗಂಡಿನ ಕಡೆಯವರು ಬಂದಾಗ ಬೀದಿಗೆ ಬಂತು. ನೀರು ಕೊಡು ಎಂದರೆ ಬಸು ಮಂಚದ ಕೆಳಗೆ ಹೊಕ್ಕ. ಗೌರಿ ಹುಡುಗನ ತಂದೆಯ ಎದುರು ನಿಂತು, "ನೀವು ಯಾವಾಗ ಹೋಗ್ತೀರಿ?" ಎಂದಳು. ಅವರು ಹೋದರು. ಮತ್ತೆ ಬರಲಿಲ್ಲ!

ಈಗ ಸುರಪುರದವರು ಬರುವವರಿದ್ದರು. ಹುಡುಗನದು ಮೋಟರ್ ವೈಂಡಿಂಗ್ ಅಂಗಡಿ, ಒಳ್ಳೆಯ ಮನೆತನ. ಅವನ ಫೋಟೋವನ್ನು ನೀಲಾ ನನ್ನ ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಳು. ಅದರ ಅರ್ಥ ತಿಳಿಯದಷ್ಟು ದಡ್ಡ ಅಣ್ಣ ನಾನಲ್ಲ. ಈ ಸಂಬಂಧ ತಪ್ಪಬಾರದು.

ಜೋಳ ಬೀಸಿಸಲು ಬಂದ ಅಂಗನವಾಡಿ ಟೀಚರಮ್ಮನ ಮುಂದೆ ನನ್ನ ಕಷ್ಟ ತೋಡಿಕೊಂಡೆ.

"ಮಕ್ಕಳಿಗಿ ಬಡೀಬಾರ್ದು ಮಲ್ಲಣ್ಣ. ಆಟ ಆಡಿಸಿ ಕಲಸಬೇಕು. ಆಟದಾಗ ಕಲ್ತದ್ದು ಸಾಯೋತನಕ ಮರಿಯಂಗಿಲ್ಲ" ಎಂದರು.

ಆಟ! ಏಳನೇ ತರಗತಿಯವರೆಗೆ ನಾನು ಶಾಲೆಯಲ್ಲಿ ಬೇರೇನು ಮಾಡಿದ್ದೆ? ಇದು ನನ್ನ ವಿಷಯವೇ!

ಆ ಸಂಜೆಯೇ "ಒಂದೇ ಮಾತಿನ ಆಟ" ಎಂಬ ಹೊಸ ಆಟವನ್ನು ಕಂಡುಹಿಡಿದು, ಅದರ ಕಾಯಿದೆಗಳನ್ನು ಗಂಭೀರವಾಗಿ ಸಾರಿದೆ. ನಾನು ಬೀಗ. ಬೀಗ ಹೇಳಿದ್ದನ್ನು ಮೊದಲ ಮಾತಿಗೇ ಮಾಡಬೇಕು. ಮಾಡಿದವರಿಗೆ ಒಂದು ಶೇಂಗಾ ಉಂಡಿ. ಬೀಗ ಒಮ್ಮೆ ಹೇಳಿದ ಮೇಲೆ "ಆಂ?" ಎಂದು ಮತ್ತೆ ಕೇಳಿದವರು ಔಟ್. ಔಟಾದವರು ಹೊರಗಿನ ಕಟ್ಟೆಯ ಮೇಲೆ ಕೂಡಬೇಕು. ಸಣ್ಣವರು, ದೊಡ್ಡವರು ಎಂಬ ಭೇದವಿಲ್ಲ!

ಈ ಕೊನೆಯ ಮಾತನ್ನು ನಾನು ಯಾಕೆ ಸೇರಿಸಿದೆನೋ ಶಿವನೇ ಬಲ್ಲ.

ಟವೆಲ್ಲನ್ನು ರುಮಾಲಿನಂತೆ ಸುತ್ತಿಕೊಂಡು ಬಾಗಿಲಲ್ಲಿ ಬಂದು ನಿಂತೆ. "ಕಾಲಿಗಿ ನೀರು!" ಬಂತು. "ಕೂಡಾಕ ಚಾಪಿ!" ಬಂತು. ಗೌರಿ ಕೆಂಪು ಮಣ್ಣು ಕದಡಿ ಮಾಡಿದ ಚಹಾ ತಂದಳು. "ಚಹಾ ಬ್ಯಾಡ" ಎಂದೆ, ಕ್ಷಣದಲ್ಲಿ ಕಪ್ಪು ಮಾಯ. "ಇನ್ನ ಬರ್ತೀವಿ" ಎಂದೆ, ಬಸು ಚಪ್ಪಲಿ ಜೋಡಿಸಿ ಇಟ್ಟ. ಬಂಗಾರದಂಥ ಮಕ್ಕಳು!

ಅಡುಗೆಮನೆಯ ಬಾಗಿಲಿಗೆ ಒರಗಿ ಶರಣಮ್ಮ ನೋಡುತ್ತಿದ್ದಳು. "ರೀ, ಖರೇ ಬೀಗರು ಹಿಂಗ ಮಾತಾಡ್ತಾರೇನ್ರಿ?"

"ನೀ ಸುಮ್ಮನಿರು. ಇದು ಶಿಕ್ಷಣದ ವಿಷಯ" ಎಂದೆ.

ಶೇಂಗಾ ಉಂಡಿಯ ಡಬ್ಬಿ ಎರಡು ಸಲ ತುಂಬಿ ಎರಡು ಸಲ ಖಾಲಿಯಾಗುವ ಹೊತ್ತಿಗೆ ಸುರಪುರದವರು ಬರುವ ರವಿವಾರ ಬಂತು.

ಜೀಪಿನಿಂದ ಮೂವರು ಇಳಿದರು. ಹುಡುಗನ ತಾಯಿ ಈರಮ್ಮ, ದೊಡ್ಡ ಮೀಸೆಯ ಅವನ ಕಾಕಾ, ಮತ್ತು ಹಿಗ್ಗಿಸದಿದ್ದರೂ ನೋಡಲು ಚೆನ್ನಾಗಿಯೇ ಇದ್ದ ಹುಡುಗ. ಯಾರೂ ಹೇಳುವ ಮೊದಲೇ ಬಸು ತಂಬಿಗೆ ಹಿಡಿದು ನಿಂತಿದ್ದ. ಗೌರಿ ಜಮಖಾನೆ ಹಾಸಿ "ಕೂಡ್ರಿ" ಎಂದಳು.

"ಎಷ್ಟು ಶಾಣ್ಯಾ ಅದಾವ್ರಿ ಮಕ್ಕಳು!" ಎಂದರು ಕಾಕಾ.

ನನ್ನ ಎದೆ ಜೋಳದ ಚೀಲದಷ್ಟು ಉಬ್ಬಿತು.

ಗೌರಿ ಚಹಾ ತಂದಳು. ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತೇ ಇದೆ. ಕಾಕಾ ಕಪ್ಪಿಗೆ ಕೈ ಚಾಚುತ್ತಲೇ ಬಾಯಲ್ಲಿ, "ಅಯ್ಯ, ಈಗ್ಯಾಕ್ರಿ ಚಹಾ? ಬ್ಯಾಡ್ರಿ!" ಎಂದರು.

ಗೌರಿ ಗರ್ರನೆ ತಿರುಗಿ ತಟ್ಟೆಯೊಂದಿಗೆ ಒಳಗೆ ಹೋಗಿಬಿಟ್ಟಳು.

ಕಾಕಾ ಅವರ ಕೈ ಗಾಳಿಯಲ್ಲೇ ಉಳಿಯಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಮೇಲೆ ಹೋಗಿ ಮೀಸೆ ತಿರುವಿತು. ನಾನು ಬಸುಗೆ ಕಣ್ಣು ಸನ್ನೆ ಮಾಡಿದೆ. ಅವನು ಅದನ್ನು ಶಹಬ್ಬಾಸ್‌ಗಿರಿ ಎಂದುಕೊಂಡು ನನಗೂ ಒಂದು ಕಣ್ಣು ಹೊಡೆದ!

ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತದೆ ಎಂದು ಜಲ್ದಿ ತಾಟು ಹಾಕಿಸಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತುಂಬುಗಾಯಿ ಬದನೆ, ಶೇಂಗಾ ಹಿಂಡಿ, ತುಪ್ಪ ಸುರಿದ ಹೋಳಿಗೆ. ಶರಣಮ್ಮ ಮತ್ತು ನೀಲಾ ನಸುಕಿನಿಂದ ಮಾಡಿದ್ದು. ಕಾಕಾ ಮೊದಲ ಹೋಳಿಗೆಗೇ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕ್ರಿ, ಸಾಕು!" ಎಂದರು. ಹಾಗೆ ಹೇಳಿದವರಿಗೆ ಕಡಿಮೆಯೆಂದರೆ ನಾಲ್ಕು ಬಡಿಸಬೇಕು. ಅದು ಶಾಸ್ತ್ರ.

ಬಸು ಹೋಳಿಗೆಯ ಬುಟ್ಟಿ ಎತ್ತಿಕೊಂಡು ಒಳಗೆ ನಡೆದ. ಹುಡುಗ ನಾಚಿಕೆಯಿಂದ "ನಂಗೂ ಸಾಕ್ರಿ" ಎಂದ. ಅವನ ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಗೌರಿ ತಾಟನ್ನೇ ಎತ್ತಿದಳು!

"ಏ ಬಸ್ಯಾ, ಬುಟ್ಟಿ ತಾರೋ!"

"ಅಪ್ಪಾ, ಅವರು ಸಾಕಂದಾರ. ಒಂದ ಮಾತು!"

ನಾನು ಕಾಕಾ ಅವರ ಕಡೆ ತಿರುಗಿ ಬೇಡಿಕೊಂಡೆ. "ಇನ್ನೊಂದು ಹೋಳಿಗಿ ತಗೋರಿ ಕಾಕಾ. ಇನ್ನೊಂದ ಒಂದು!"

"ಅಪ್ಪಾ ಔಟ್!" ಇಬ್ಬರೂ ಒಟ್ಟಿಗೆ ಕಿರುಚಿದರು. "ಮತ್ತ ಕೇಳಿದ! ಅಪ್ಪಾ ಔಟ್!"

ಬೀಗರ ಮುಂದೆ ಮಕ್ಕಳನ್ನು ಬೈಯುವ ಹಾಗಿಲ್ಲ. ನಗುತ್ತ ನಿಂತೆ. ಗೌರಿ ನನ್ನ ಕಿರುಬೆರಳು ಹಿಡಿದು ಎಳೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂಡಿಸಿ, ಬಾಗಿಲು ಮುಂದೆ ಮಾಡಿದಳು.

ಎದುರು ಮನೆಯ ದೇವಕ್ಕ ಮೆಣಸಿನಕಾಯಿ ಒಣಹಾಕುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿದಳು. "ಏನಪಾ ಮಲ್ಲಣ್ಣ, ಬೀಗರು ಒಳಗ, ನೀ ಹೊರಗ? ಹುಡುಗಿ ನೋಡಾಕ ಬಂದಾರೋ, ಮನಿ ಹಿಡಿಯಾಕ ಬಂದಾರೋ?"

"ಆಟ ನಡದಾದ ಯಕ್ಕಾ."

"ನಡೀಲಿ ನಡೀಲಿ. ಶಾಲ್ಯಾಗೂ ಹಿಂಗ ಹೊರಗ ಕುಂದರ್ತಿದ್ದಿ."

ಒಳಗಿನಿಂದ ಶರಣಮ್ಮನ ದನಿ ಕೇಳಿತು. "ಅವ್ವಾರ, ನೀವರ ಒಂದು ಹೋಳಿಗಿ ಉಣ್ಣ್ರಿ." ಈರಮ್ಮನೂ ಮರ್ಯಾದಸ್ಥರೇ, "ಒಲ್ಲೆವಾ" ಎಂದರು. ಶರಣಮ್ಮ "ಹಂಗಂದ್ರ ಹ್ಯಾಂಗ್ರಿ, ಒಂದರ..." ಎನ್ನುವಷ್ಟರಲ್ಲಿ "ಅವ್ವಾ ಔಟ್!" ಎಂಬ ಘೋಷಣೆಯಾಯಿತು. ಅವಳೂ ಕಟ್ಟೆಗೆ ಬಂದಳು. ನನ್ನ ಪಕ್ಕದಲ್ಲಿ ಕೂತು ನನ್ನನ್ನು ನೋಡಿದಳು. ಆ ನೋಟಕ್ಕೆ ನಮ್ಮ ಗಿರಣಿಯ ಕಲ್ಲೂ ಹಿಟ್ಟಾಗುತ್ತಿತ್ತು.

ಮನೆಯವರೇ ಇಲ್ಲದ ಮನೆಯಲ್ಲಿ ಬೀಗರು ಎಷ್ಟು ಹೊತ್ತು ಕೂತಾರು? "ಇನ್ನ ಬರ್ತೀವ್ರಿ" ಎಂದ ಈರಮ್ಮನ ಮಾತು ಮುಗಿಯುವುದರೊಳಗೆ ಬಸು ಮೂರು ಜೋಡಿ ಚಪ್ಪಲಿಗಳನ್ನು ತಂದು, ರಸ್ತೆಯ ಕಡೆ ಮುಖ ಮಾಡಿ ಸಾಲಾಗಿ ಇಟ್ಟ. ಕಾಕಾ ಚಪ್ಪಲಿಯನ್ನೊಮ್ಮೆ, ಒಳಗಿನ ಹೋಳಿಗೆ ಬುಟ್ಟಿಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

ಜೀಪು ಚಾಲೂ ಆಯಿತು. ಹೋಯಿತು, ಈ ಸಂಬಂಧವೂ ಹೋಯಿತು ಎಂದು ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಅಷ್ಟರಲ್ಲಿ ನೀಲಾ ಒಳಗಿನಿಂದ ಓಡಿ ಬಂದಳು, ಕೈಯಲ್ಲಿ ದೊಡ್ಡ ಡಬ್ಬಿ. ಬೇಕೇನ್ರಿ, ಬೇಡವೇನ್ರಿ ಎಂದು ಕೇಳಲಿಲ್ಲ. ಈರಮ್ಮನ ಮಡಿಲಲ್ಲಿ ಡಬ್ಬಿ ಇಟ್ಟು, "ಹೋಳಿಗಿ ತುಪ್ಪ ತಳದಾಗ ಅದ, ಸೋರತದ. ಸೀದಾ ಹಿಡೀರಿ" ಎಂದಳು. ಹುಡುಗನ ಕಡೆ ಒಂದು ಸಲ ನೋಡಿದಳು. ಒಳಗೆ ಹೋದಳು.

ಸಂಜೆ ಫೋನ್ ಬಂತು. ಈರಮ್ಮ.

"ಮಲ್ಲಣ್ಣ, ನಿಮ್ಮೂರ ಗುಡ್ಡ ಕಣ್ಮರಿ ಆಗೋದ್ರಾಗ ಡಬ್ಬಿ ಖಾಲಿ ನೋಡ್ರಿ. ನಮ್ಮ ಮೈದುನ ಡಬ್ಬಿ ತಳಾನೂ ಬಿಟ್ಟಿಲ್ಲ. ಹಸದವರಿಗಿ ಬೇಕೇನು ಅಂತ ಕೇಳಬಾರ್ದು, ಕೊಡಬೇಕು. ನಿಮ್ಮ ತಂಗಿಗಿ ಅದು ಗೊತ್ತದ. ಹುಡುಗಗೂ ಒಪ್ಪಿಗಿ, ನಮಗೂ ಒಪ್ಪಿಗಿ. ಆದ್ರ ಒಂದು ಮಾತು."

"ಹೇಳ್ರಿ ಅವ್ವಾರ!" ಎಂದೆ.

"ಮದವ್ಯಾಗ ಬಡಸಾಕ ನಿಮ್ಮ ಮಕ್ಕಳನ್ನ ಬಿಡಬ್ಯಾಡ್ರಿ!"

ನೀಲಾಳನ್ನು ಕೇಳಿದೆ. "ಹೂಂ" ಎಂದಳು. ಒಂದೇ ಮಾತು.

ಮನೆಯೆಲ್ಲ ಸಂಭ್ರಮ. ನೀಲಾ ಬುದ್ಧಿವಂತೆ ಎಂದರು, ಶರಣಮ್ಮನ ಹೋಳಿಗೆ ಗೆದ್ದಿತು ಎಂದರು. ದೇವಕ್ಕ ಸಹ ಬಂದು ಮಕ್ಕಳ ಗಲ್ಲ ಹಿಂಡಿ ಹೋದಳು. ಆಟ ಕಂಡುಹಿಡಿದವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ! ನನಗೆ ಸಿಟ್ಟು ಬಂತು. ಗೋಡೆಯ ಕಡೆ ಮುಖ ಮಾಡಿ ಕೂತೆ. ಬೆಳಗಿನಿಂದ ನಾನೂ ಒಂದು ತುತ್ತು ತಿಂದಿರಲಿಲ್ಲ.

ಶರಣಮ್ಮ ತಾಟು ತಂದಿಟ್ಟಳು. ಉಳಿದಿದ್ದ ಕೊನೆಯ ಎರಡು ಹೋಳಿಗೆ, ಮೇಲೆ ತುಪ್ಪ. "ಏಳ್ರಿ, ಉಣ್ಣ್ರಿ."

ಗಂಡಸು ಮುನಿಸಿಕೊಂಡಾಗ ಹೆಂಡತಿ ಮೂರು ಸಲವಾದರೂ ಕರೆಯಬೇಕಲ್ಲವೇ? ಗೋಡೆಗೇ ಹೇಳಿದೆ, "ನಂಗ ಬ್ಯಾಡ."

ಹಿಂದೆ ಏನೋ ಸರಿದಾಡಿದ ಸದ್ದು. ತಿರುಗಿ ನೋಡಿದರೆ ತಾಟು ಇಲ್ಲ. ಬಾಗಿಲಲ್ಲಿ ಬಸು ಒಂದು ಹೋಳಿಗೆ, ಗೌರಿ ಒಂದು ಹೋಳಿಗೆ ಕಚ್ಚುತ್ತ ನಿಂತಿದ್ದರು.

ನಾನು ಶರಣಮ್ಮನ ಮುಖ ನೋಡಿದೆ. "ಮತ್ತ ಕೇಳಿದ್ರ ನಾ ಔಟ್ ಆಗ್ತೀನ್ರಿ" ಎಂದಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಈಗ ನನ್ನ ಬಳಿ ಇರುವುದು ಇಷ್ಟು: ಗಿರಣಿ ಒಂದು, ಹೆಂಡತಿ ಒಬ್ಬಳು, ಮದುವೆ ಗೊತ್ತಾದ ತಂಗಿ ಒಬ್ಬಳು, ಒಂದೇ ಮಾತಿಗೆ ಕೇಳುವ ಮಕ್ಕಳು ಇಬ್ಬರು. ಹೋಳಿಗೆ, ಸೊನ್ನೆ.