ಸೈಕಲ್ಲಿಗೆ ಎಣ್ಣೆಸ್ನಾನ

ನಿಮ್ಮ ತಾತ ತಾಳಿ ಕಟ್ಟಿದ್ದು ನನಗೇ, ಅದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ಮೈ ತೊಳೆದು, ಒರೆಸಿ, ಬಿಸಿಲಿಗೆ ಬಾಡೀತೆಂದು ನೆರಳಿಗೆ ಸರಿಸಿ ಸಾಕಿದ್ದು ಮಾತ್ರ ಒಂದು ಸೈಕಲ್ಲನ್ನು.

ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಅವರ ಸಾಹೇಬರು ವರ್ಗವಾದಾಗ ಕೊಟ್ಟುಹೋದ, ಬೆಟ್ಟ ಹತ್ತುವ ಸೈಕಲ್ಲು ಅದು. ಮೊಬೈಲು ಆಗತಾನೇ ಮನೆಮನೆಗೆ ಬರುತ್ತಿದ್ದ ಕಾಲ. ತುಮಕೂರಿನ ನಮ್ಮ ಬೀದಿಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಚಕ್ರದ ನಡುವೆ ತೂತು ತೂತಿನ ಉಕ್ಕಿನ ತಟ್ಟೆ. ಬ್ರೇಕ್ ಹಿಡಿದರೆ ಕೊಳವೆಯೊಳಗಿನ ಎಣ್ಣೆ ಒತ್ತಿ, ಎರಡು ಬಿಲ್ಲೆಗಳು ಆ ತಟ್ಟೆಯನ್ನು ಕಚ್ಚಿ ಹಿಡಿಯುತ್ತವೆ. ನಿದ್ದೆಯಿಂದೆಬ್ಬಿಸಿ ಕೇಳಿದರೂ ನಾನು ಇಷ್ಟನ್ನು ಹೇಳಬಲ್ಲೆ. ತಾತ ಅಷ್ಟು ಸಲ ಪಾಠ ಮಾಡಿದ್ದರು.

ಅದಕ್ಕೊಂದು ಕ್ಯಾರಿಯರ್ ಹಾಕಿಸಿ, ದಿಂಬು ಕಟ್ಟಿ, ನನ್ನನ್ನು ಗುಬ್ಬಿಯ ನಮ್ಮಕ್ಕನ ಮನೆಗೆ ಕರೆದೊಯ್ಯಬೇಕೆಂಬುದು ಅವರ ಆಸೆ. ಬಸ್ಸಿರಲಿಲ್ಲವೇ? ಬೇಕಾದಷ್ಟಿತ್ತು. ಹಾಗೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ನನಗೋ ಬೀದಿಯಲ್ಲಿ ಯಾರಾದರೂ ತಿರುಗಿ ನೋಡಿದರೆ ಸೆರಗು ಹುಡುಕುವ ಸ್ವಭಾವ. ಆದರೂ ಒಳಗೊಳಗೇ ಆಸೆಯಾಗಿ ಒಪ್ಪಿಕೊಂಡೆ. ಆಯುಧಪೂಜೆ ಮುಗಿಸಿ ಹೊರಡುವುದೆಂದಾಯಿತು.

ಕೆಟ್ಟಿದ್ದು ಅಲ್ಲೇ. ಹಬ್ಬದ ದಿನ ಮಚ್ಚು, ಕುಡುಗೋಲು, ಈಳಿಗೆಮಣೆಗಳನ್ನು ತೊಳೆದು ಎಣ್ಣೆ ಸವರುವುದು ನಮ್ಮ ಮನೆಯ ರೂಢಿ. ಸೈಕಲ್ಲನ್ನು ಬಿಡುತ್ತಾರೆಯೇ? ಬ್ರೇಕಿನ ತಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಫಳಫಳ ಹೊಳೆಯುವಂತೆ ತಿಕ್ಕಿ, ಕುಂಕುಮವಿಟ್ಟು, ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಬೀದಿಗಿಳಿದರು. ಬ್ರೇಕ್ ಹಿಡಿದರು. ಸೈಕಲ್ಲು ಬೀದಿಗೆಲ್ಲ ಕೇಳುವಂತೆ ಕಿರುಚಿತು, ನಿಲ್ಲಲಿಲ್ಲ. ಎದುರುಮನೆಯ ಗೇಟಿಗೆ ಕಟ್ಟಿದ್ದ ಬಾಳೆಕಂದನ್ನು ತಬ್ಬಿಕೊಂಡ ಮೇಲೆ ನಿಂತಿತು.

"ಏನಣ್ಣ, ನಮ್ ಗೇಟ್ಗೂ ನೀವೇ ಪೂಜೆ ಮಾಡ್ತೀರಾ?" ಎಂದರು ಎದುರುಮನೆಯಾಕೆ.

"ಇದು ಕಿರುಚೋದು ನಿಲ್ಲೋವರ್ಗೂ ನಾನು ಹತ್ತಲ್ಲ ಕಣ್ರಿ. ಗುಬ್ಬಿವರ್ಗೂ ಜನ ನನ್ನೇ ನೋಡ್ತಾರೆ," ಎಂದೆ.

"ಬುಡು, ಬಾಯಿ ಮುಚ್ಚಿಸ್ತೀನಿ ಅದಕ್ಕೆ," ಎಂದರು ತಾತ.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ತಟ್ಟೆಗೆ ಸೀಗೆಪುಡಿಯ ಸ್ನಾನ. ಎಣ್ಣೆ ಕುಡಿದ ಬಿಲ್ಲೆಗಳನ್ನು ಬಿಚ್ಚಿ ನನ್ನ ದೋಸೆ ಕಾವಲಿಯ ಮೇಲೆ ಹುರಿದರು. ಎದುರುಮನೆಯಾಕೆ ಕಿಟಕಿಯಲ್ಲಿ ಮೂಗರಳಿಸಿದರು.

"ಏನಕ್ಕ ಒಗ್ಗರಣೆ?"

"ಬ್ರೇಕ್ ಹುರೀತಾವ್ರೆ."

"ಉಪ್ಪು ಖಾರ ನೋಡ್ಕೊಳಕ್ಕೆ ಹೇಳಿ."

ಬಿಲ್ಲೆ ಬಿಚ್ಚಿದ್ದಾಗ ಬ್ರೇಕ್ ಒತ್ತಬಾರದಂತೆ. ಒತ್ತಿದರು. ಬಿಲ್ಲೆಗಳನ್ನು ತಳ್ಳುವ ಒಳಗಿನ ಗುಂಡಿಗಳೆರಡೂ ಮುಂದೆ ಬಂದು ಒಂದಕ್ಕೊಂದು ಅಂಟಿದವು. ಬಿಲ್ಲೆ ಕೂರಲು ಜಾಗವೇ ಇಲ್ಲ. ಅದನ್ನು ಮೀಟಲು ನನ್ನ ದೋಸೆ ಮಗುಚುವ ಸಟ್ಟುಗವೂ ಹೋಯಿತು. ಅಂದು ಮನೆಯಲ್ಲಿ ಉಪ್ಪಿಟ್ಟು.

ಮೀಟಿದ ರಭಸಕ್ಕೆ ಎಣ್ಣೆ ಸೋರಿ ಕೊಳವೆಯೊಳಗೆ ಗಾಳಿ ಹೊಕ್ಕಿತು. ಸೈಕಲ್ಲನ್ನು ಹಜಾರದ ತೊಟ್ಟಿಲ ಕೊಂಡಿಗೆ ನೇತುಹಾಕಿ, ಮೆಡಿಕಲ್ ಸ್ಟೋರಿನ ಸಿರಿಂಜಿನಿಂದ ಕೆಳಗಿನಿಂದ ಎಣ್ಣೆ ಏರಿಸುತ್ತಾ ಕುಳಿತರು.

"ಏನ್ ಕಾಯ್ಲೆ ಅಣ್ಣ?"

"ಗಾಳಿ ಸೇರ್ಕೊಂಡದೆ ಕಣಮ್ಮ."

"ಒಂಚೂರು ಇಂಗು ತಿನ್ಸಿ."

ಕಡೆಗೆ ಕುಣಿಗಲ್‌ನಲ್ಲಿದ್ದ ಅವರ ಹಳೆಯ ಸಹೋದ್ಯೋಗಿ ಎಲ್ಲಿಂದಲೋ ಹೊಸ ಬಿಲ್ಲೆ ತರಿಸಿಕೊಟ್ಟರು. ಅವನ್ನು ಕೂರಿಸುವಾಗ ತಾತ ಸೋಪಿನಲ್ಲಿ ಕೈ ತೊಳೆದು, ಒಗೆದ ಪಂಚೆಯ ತುದಿಯಲ್ಲಿ ಹಿಡಿದರು. ಬೀದಿಯ ಕೊನೆಯವರೆಗೆ ಓಡಿಸಿ ಬ್ರೇಕ್ ಹಿಡಿದರು. ಗಕ್ಕನೆ ನಿಂತಿತು. ಉಸಿರಿಲ್ಲ. ಎದುರುಮನೆಯಾಕೆಗೂ ಗೊತ್ತಾಗಲಿಲ್ಲ!

ಮುಂದಿನ ಭಾನುವಾರ ಬೆಳಗ್ಗೆ ಹೊರಟೆವು. ನಾನು ಕಣ್ಣು ಮುಚ್ಚಿ ದಿಂಬನ್ನು ಬಿಗಿಯಾಗಿ ಹಿಡಿದಿದ್ದೆ. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಸೈಕಲ್ಲು ಸದ್ದಿಲ್ಲದೆ ನಿಧಾನವಾಗುತ್ತಿತ್ತು. ಯಾರೊಬ್ಬರೂ ತಿರುಗಿ ನೋಡಲಿಲ್ಲ. ನಾಚಿಕೆಗೆ ನನ್ನ ಬಾಯಿಯಿಂದಲೂ ಮಾತು ಹೊರಡಲಿಲ್ಲ. ಊರು ದಾಟಿದ ಮೇಲೆ ತಾತನಿಗೆ ಭಯವಾಯಿತೆಂದು ಕಾಣುತ್ತದೆ.

"ಲೇ, ಇದೀಯೇನೇ?"

"ಇದೀನಿ ಕಣ್ರಿ."

ಗುಬ್ಬಿ ಸೇರುವವರೆಗೂ ಒಂದೊಂದು ಹಂಪಿಗೂ ಅದನ್ನೇ ಕೇಳಿದರು, ನಾನೂ ಅದನ್ನೇ ಹೇಳಿದೆ. ನಾವಿಬ್ಬರೂ ಮನೆಯ ಹೊರಗೆ ಆಡಿಕೊಂಡ ಮಾತುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ.

ಅವರು ಹೋದ ಮೇಲೆ, ನೀವೆಲ್ಲ ಶಾಲೆಗೆ ಹೋಗಿ ಮನೆಯಲ್ಲಿ ಸದ್ದೇ ಇಲ್ಲದಾಗ, ಯಾರೂ ಕೇಳದಿದ್ದರೂ ಒಮ್ಮೊಮ್ಮೆ ನನ್ನ ಬಾಯಿಗೆ ಬಂದುಬಿಡುತ್ತದೆ: "ಇದೀನಿ ಕಣ್ರಿ."